ಎಣ್ಣೆ ಬೇಡದ ಸೈಕಲ್ಲು

ಈ ಬೆಳಿಗ್ಗೆ ಮೇಜಿನ ಡ್ರಾಯರ್ ಎಳೆದರೆ ಗುಂಡುಪಿನ್ನುಗಳೆಲ್ಲ ಒಂದು ಕಪ್ಪು ಬಿಲ್ಲೆಗೆ ಮುಳ್ಳುಹಂದಿಯಂತೆ ಅಂಟಿಕೊಂಡಿದ್ದವು. ನಾರಾಯಣಪೇಟೆಯ ನನ್ನ ಸೋದರಮಾಮನ ಸೈಕಲ್ಲಿನಿಂದ ಬಿಚ್ಚಿ ತಂದ ಅಯಸ್ಕಾಂತವದು. ಮುಟ್ಟಿದರೆ ಈಗಲೂ ಅವನ ಮಂಡಿಯೇ ಕಣ್ಣ ಮುಂದೆ ಬರುತ್ತದೆ.

ಮಾಮ ನೇಕಾರರ ಮನೆಗಳಿಂದ ಸೀರೆಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಅಂಗಡಿಗೆ ಮುಟ್ಟಿಸುವವನು. ಸೆರಗಿಗೆ ಒಂದು ಕಪ್ಪು ಚುಕ್ಕೆ ತಗುಲಿದರೂ ಸಾಹುಕಾರ ಸೀರೆಯನ್ನು ತಿರುಗಿ ಕಳಿಸುತ್ತಿದ್ದ. ಹಾಗಾಗಿ ಮಾಮ ಚೈನಿಗೆ ಎಣ್ಣೆಯನ್ನೇ ಹಾಕುತ್ತಿರಲಿಲ್ಲ. ಅವನು ಬರುತ್ತಿರುವುದು ಎರಡು ಬೀದಿ ಆಚೆಯಿಂದಲೇ ಕಿವಿಗೆ ತಿಳಿಯುತ್ತಿತ್ತು.

"ಏನವ್ವಾ ಸೊಸಿ, ಇಷ್ಟು ಓದಿ ಎಣ್ಣಿ ಬ್ಯಾಡದ ಸೈಕಲ್ ಒಂದು ಮಾಡಾಕ ಬರಂಗಿಲ್ಲೇನು?"

ಇಂಜಿನಿಯರಿಂಗ್ ಕೊನೆಯ ವರ್ಷದ ಅಹಂಕಾರಕ್ಕೆ ಅಷ್ಟು ಸಾಕಾಯಿತು. ಚೈನು ಕಿತ್ತು, ಪೆಡಲಿನಿಂದ ಹಿಂದಿನ ಚಕ್ರದವರೆಗೆ ದಂಡವೊಂದನ್ನು ಕೂಡಿಸಿದೆ. ಅದರ ತುದಿಗಳಿಗೆ ಒಂದನ್ನೊಂದು ಮುಟ್ಟದೆಯೇ ತಿರುಗಿಸುವ ಅಯಸ್ಕಾಂತದ ಬಿಲ್ಲೆಗಳು. ಕಾಲೇಜಿನ ನುಣುಪು ನೆಲದ ಮೇಲೆ ಖಾಲಿ ಸೈಕಲ್ಲು ನೀರಿನಂತೆ ಹರಿಯಿತು. ಭಾರ ಕಟ್ಟಿದ ದಿನ ಮಾತ್ರ ಬಿಲ್ಲೆಗಳು ಹಿಡಿತ ತಪ್ಪಿ ಟಕಟಕ ಎಂದವು.

"ಭಾರಕ್ಕ ಜಾರತೈತನ್ನೋ ಸಾಲು ವರದಿಯಾಗ ಬರೀಬ್ಯಾಡಮ್ಮ," ಎಂದರು ಕಾಲೇಜಿನ ಮಾರ್ಗದರ್ಶಕರು. "ಪ್ರದರ್ಶನದಾಗ ಯಾರು ಮೂಟಿ ಕಟ್ಟತಾರ?"

ಬರೆಯಲಿಲ್ಲ. 'ಬಳಕೆಗೆ ಯೋಗ್ಯ' ಎಂಬುದರ ಕೆಳಗೆ ಇಬ್ಬರೂ ಸಹಿ ಹಾಕಿದೆವು.

ಮಾಮನಿಗೆ ಆ ಕಾಗದವೇ ಪ್ರಮಾಣ. ಮಕ್ತಲ್ ರಸ್ತೆಯ ಏರಿನಲ್ಲಿ ಸೀರೆಮೂಟೆಯ ಸಮೇತ ಪೆಡಲಿನ ಮೇಲೆ ಎದ್ದು ನಿಂತು ತುಳಿದ. ಅಯಸ್ಕಾಂತ ಜಾರಿತು, ಮಂಡಿ ಕಲ್ಲಿಗೆ ಅಪ್ಪಳಿಸಿತು. ಹಿಂದೆಯೇ ಬರುತ್ತಿದ್ದ ನಾನು ಅವನ ಬಳಿಗೆ ಓಡಿದೆ.

"ಸೀರಿಗೇನರ ಆತೇನು ನೋಡವ್ವ." ಆಮೇಲೆ, ಮೆಲ್ಲಗೆ: "ಜಾರತೈತಂತ ನಿನಗ ಗೊತ್ತಿತ್ತೇನು?"

"ಇಲ್ಲ ಮಾಮ," ಎಂದೆ.

ಅಯಸ್ಕಾಂತದ ಗೇರು ಸೈಕಲ್ಲಿಗೆ ಒಗ್ಗುವುದೇ ಎಂದು ನೀವು ಕೇಳಬಹುದು. ಮೂಟೆ ತಡೆಯುವಷ್ಟು ಅಯಸ್ಕಾಂತ ಜೋಡಿಸಿದರೆ ಅದೇ ಇನ್ನೊಂದು ಮೂಟೆ. ಬೀದಿಯ ಕಬ್ಬಿಣದ ಧೂಳೆಲ್ಲ ಅದಕ್ಕೇ ಅಂಟುತ್ತದೆ. ಮುಂದೊಂದು ದಿನ ಒಗ್ಗೀತು. ಆದರೆ ಒಗ್ಗದ್ದನ್ನು ಒಗ್ಗಿತೆಂದು ಬರೆದವರು ಉತ್ತರ ಕೊಡಬೇಡವೇ? ಆ ವರದಿ ಕಾಲೇಜಿನ ಗೋಡೆಯ ಮೇಲೆ ಇನ್ನೂ ತೂಗುತ್ತಿದೆ. ಮಾಮ ಇನ್ನೂ ಕುಂಟುತ್ತಾನೆ.

ಆ ವರದಿಯನ್ನು ಇಳಿಸಿರೆಂದು ಕಾಲೇಜಿಗೆ ಪತ್ರ ಬರೆಯಲು ಕುಳಿತವಳಿಗೆ ಮೊದಲ ಸಾಲೇ ಮೂಡಲಿಲ್ಲ. ಫೋನು ಮಾಡಿದೆ.

"ಮಾಮ, ಅವತ್ತು ನನಗ ಗೊತ್ತಿತ್ತು. ಆ ಕಾಗದ ಇನ್ನೂ ಕಾಲೇಜಿನಾಗ ತೂಗತೈತಿ."

"ನಿನ್ನ ಮಾರಿ ನೋಡಿ ನನಗೂ ಅವತ್ತೇ ಗೊತ್ತಾತವ್ವ. ನೀ ಹೇಳತೀಯೇನಂತ ಕಾದೆ. ಆ ಕಾಗದ ಇಳಸು. ಇನ್ನೊಬ್ಬರ ಮಣಕಾಲರ ಉಳೀಲಿ."

ಪತ್ರ ಮುಗಿಸಿ, ಬಿಲ್ಲೆಯಿಂದ ಒಂದು ಪಿನ್ನು ಕಿತ್ತು, ಅಂದು ಬಿಟ್ಟ ಸಾಲನ್ನು ಬರೆದ ಹಾಳೆಯನ್ನು ಪತ್ರಕ್ಕೆ ಚುಚ್ಚಿದೆ. ಕೆಳಗೆ ನನ್ನ ಸಹಿ ಹಾಕಿದ್ದೇನೆ. ಪಕ್ಕದಲ್ಲಿ ಮಾರ್ಗದರ್ಶಕರ ಸಹಿಗೆ ಜಾಗ ಬಿಟ್ಟಿದ್ದೇನೆ.