ಬಜಾರಿಗೆ ಕೊಟ್ಟ ದನಿ

ಈಗ ಆ ಧಾರಾವಾಹಿಯ ಹೆಸರು ಹೇಳಿದರೆ ಯಾರಿಗೂ ನೆನಪಾಗುವುದಿಲ್ಲ. ಆದರೆ ಅದು ಬರುತ್ತಿದ್ದ ಎರಡು ವರ್ಷ, ಸಂಜೆ ಏಳಾಯಿತೆಂದರೆ ಬೀದಿ ಬಿಕೋ ಎನ್ನುತ್ತಿತ್ತು. ಬೇರೆ ಯಾವುದೋ ಭಾಷೆಯಿಂದ ತಂದು ನಮ್ಮ ಮಾತು ಕೂರಿಸಿದ ಕಥೆ. ಅದರ ಹಿರಿಸೊಸೆ ಸಿಗರೇಟು ಸೇದುತ್ತಿದ್ದಳು, ಮಾವನೆದುರು ಕಾಲ ಮೇಲೆ ಕಾಲು ಹಾಕಿ ಕೂರುತ್ತಿದ್ದಳು, ತುಂಬಿದ ಮದುವೆಮನೆಯಲ್ಲಿ ಗಂಡನ ಗುಟ್ಟು ರಟ್ಟು ಮಾಡಿ ನಗುತ್ತಿದ್ದಳು. ತುಟಿ ಯಾವ ನಟಿಯದೋ, ದನಿ ಮಾತ್ರ ನಮ್ಮ ಪಿಸುಮಾತಿನದು.

ಪಿಸುಮಾತು ಎಂಬುದು ಟೈಪಿಂಗ್ ಶಾಲೆಯ ಹುಡುಗಿಯರು ತಮ್ಮ ಟೀಚರಿಗೆ ಇಟ್ಟ ಅಡ್ಡಹೆಸರು. ಯಂತ್ರಗಳೆಲ್ಲ ಕಟಕಟ ಎನ್ನುವಾಗ ಅವಳು ಹೇಳಿದ್ದು ಮೊದಲ ಸಾಲಿಗೂ ಮುಟ್ಟುತ್ತಿರಲಿಲ್ಲ. ಶಾಲೆಯ ಮೇಲಿನ ಮಹಡಿಯಲ್ಲಿ ರೆಕಾರ್ಡಿಂಗ್ ಸ್ಟುಡಿಯೋ ಇತ್ತು. ಹಿರಿಸೊಸೆಗೆ ದನಿ ಕೊಡಬೇಕಾದವಳು ಒಂದು ದಿನ ಕೈಕೊಟ್ಟಾಗ, ತಡವರಿಸದೆ ಓದಬಲ್ಲ ಹೆಂಗಸು ಯಾರಾದರೂ ಇದ್ದಾರಾ ಎಂದು ರೆಕಾರ್ಡಿಸ್ಟ್ ಕೆಳಗಿಳಿದು ಬಂದ. ಹುಡುಗಿಯರು ತಮಾಷೆಗೆ ಟೀಚರನ್ನೇ ಮುಂದೆ ತಳ್ಳಿದರು.

ಮೊದಲ ಸಲ ಅವಳ ದನಿ ಮೈಕಿಗೂ ಹತ್ತಲಿಲ್ಲ. "ಯಾರಿಗೋ ಉತ್ತರ ಕೊಡ್ಬೇಕು ಅನ್ಸಿ ಸುಮ್ನಾಗಿದ್ದು ನೆನಪಿದ್ಯಾ? ಅವರಿಗೇ ಹೇಳಿ" ಎಂದ ರೆಕಾರ್ಡಿಸ್ಟ್. ಅವಳಿಗೆ ಭಾವ ನೆನಪಾದರು. ಗಂಡನ ಅಣ್ಣ, ಪಕ್ಕದ ಬೀದಿಯಲ್ಲಿದ್ದುಕೊಂಡೇ ಇವರ ಮನೆಯ ಯಜಮಾನಿಕೆ ನಡೆಸುವವರು. ಬಾಯಿ ತೆರೆದಳು. ಗಾಜಿನಾಚೆ ರೆಕಾರ್ಡಿಸ್ಟ್ ಹೆಡ್‌ಫೋನ್ ಕಿತ್ತು ಕಿವಿ ಉಜ್ಜಿಕೊಂಡ. ಅಂದಿನಿಂದ ಹಿರಿಸೊಸೆಯ ದನಿ ಅವಳದೇ ಆಯಿತು.

ಗಂಡನಿಗೆ ವಿಷಯ ಗೊತ್ತಿತ್ತು, ಅತ್ತೆಗೆ ಹೇಳಿರಲಿಲ್ಲ. ಅತ್ತೆ ದಿನವೂ ಟೀವಿಯ ಮುಂದೆ ಕೂತು ಆ ಬಜಾರಿಗೆ ಹಿಡಿಶಾಪ ಹಾಕುವರು, ನಮ್ಮ ಸೊಸೆ ಬಾಯಿಬಿಟ್ಟರೆ ಮುತ್ತು ಉದುರುತ್ತದೆ ಎಂದು ನೆರೆಯವರ ಮುಂದೆ ಹೇಳಿಕೊಳ್ಳುವರು. ಆ ಮುತ್ತಿನಂಥ ಸೊಸೆ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತ ಸೆರಗಿನಲ್ಲಿ ನಗು ಒತ್ತಿ ಹಿಡಿಯುತ್ತಿದ್ದಳು. ಬೈದರೂ ಅತ್ತೆ ಒಂದು ಕಂತನ್ನೂ ತಪ್ಪಿಸಿದವರಲ್ಲ. ಕರೆಂಟು ಹೋದರೆ ಬಾಲ ಸುಟ್ಟ ಬೆಕ್ಕಿನಂತೆ ಒಳಗೂ ಹೊರಗೂ ಓಡಾಡುವರು.

ಒಂದು ಭಾನುವಾರ ಸಂಜೆ, ಕಥೆ ನಡುವಿನಲ್ಲಿರುವಾಗ ಭಾವ ಬಂದರು. ಇಂಥದ್ದನ್ನು ನೋಡಿಯೇ ಮನೆಯ ಹೆಂಗಸರು ಕೆಡುವುದು ಎಂದು ಟೀವಿಯ ವೈರು ಕಿತ್ತು, ಸುತ್ತಿ ಕಂಕುಳಲ್ಲಿ ಇಟ್ಟುಕೊಂಡರು. ಹೆತ್ತ ಮಗನೆದುರು ಅತ್ತೆ ಅಷ್ಟು ಸಣ್ಣಗಾಗಿ ಕೂತದ್ದನ್ನು ಪಿಸುಮಾತು ಬಾಗಿಲಲ್ಲಿ ನಿಂತು ನೋಡಿದಳು.

"ವೈರು ಅಲ್ಲಿಡಿ, ಭಾವ. ಅದು ಅತ್ತೆ ಟೀವಿ."

ಅವಳು ಕೂಗಿರಲಿಲ್ಲ. ಆದರೂ ಬೀದಿಗೆಲ್ಲ ಗೊತ್ತಿದ್ದ ಆ ದನಿ ಕೇಳಿ ಭಾವ ಮೊದಲು ನೋಡಿದ್ದು ಕಪ್ಪಗಿದ್ದ ಟೀವಿಯ ಕಡೆಗೆ. ಆಮೇಲೆ ವೈರು ಕುರ್ಚಿಯ ಮೇಲಿಟ್ಟು, ಚಪ್ಪಲಿ ಮೆಟ್ಟಿ ಹೊರಟುಹೋದರು.

ಮರುದಿನ ತಲೆ ಬಾಚಿಸಿಕೊಳ್ಳುವಾಗ ಅತ್ತೆ ಮೆಲ್ಲಗೆ, "ನಾಳೆ ಕಥೇಲಿ ಅವಳು ಮನೆ ಬಿಟ್ಟು ಹೋಗ್ತಾಳಾ?" ಎಂದರು.

"ಹೇಳೋ ಹಾಗಿಲ್ಲ ಅತ್ತೆ. ನನ್ನ ಕೆಲಸ ಹೋಗುತ್ತೆ."

ಅಲ್ಲಿಂದ ಮುಂದೆ ಬೈಗುಳ ನಿಂತಿತು. ಇಂಥ ಕಡೆ ಇನ್ನೊಂಚೂರು ಜೋರು ಬೇಕಿತ್ತು, ಇಲ್ಲಿ ಸ್ವಲ್ಪ ನಿಧಾನ ಎಂಬ ಸಲಹೆಗಳು ಶುರುವಾದವು. ಪಿಸುಮಾತು ಒಂದೆರಡನ್ನು ಪಾಲಿಸಿದ್ದೂ ಉಂಟು.

ಎಲ್ಲ ಕಥೆಗಳಂತೆ ಅದನ್ನೂ ಕೊನೆಗೆ ನೆಟ್ಟಗೆ ಮಾಡಿದರು. ಹಿರಿಸೊಸೆ ಎಲ್ಲರ ಕಾಲಿಗೆ ಬಿದ್ದು ಗೋಳೋ ಎಂದು ಅಳಬೇಕು. ಪಿಸುಮಾತು ಆರು ಸಲ ಓದಿದಳು. ಆರು ಸಲವೂ ಕ್ಷಮೆ ಕೇಳುವ ಮಾತು ಬಿರುಸಾಗಿಯೇ ಬಂತು. ರೆಕಾರ್ಡಿಸ್ಟ್ ನಕ್ಕು, ಬೇರೆ ಹೆಂಗಸನ್ನು ಕರೆಸಿ ಅಳಿಸಿದ.

ಕೊನೆಯ ಕಂತಿನ ದಿನ ಅತ್ತೆ ಬಲವಂತವಾಗಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಅಳು ಶುರುವಾಗಿ ಅರೆನಿಮಿಷವಾಗಿರಲಿಲ್ಲ, ತಿರುಗಿ ಅವಳ ಮುಖ ನೋಡಿದರು.

"ಇದು ನೀನಲ್ಲ."

"ಅಲ್ಲ ಅತ್ತೆ."

"ಹಂಗಾದ್ರೆ ಆರಿಸು" ಎಂದರು ಅತ್ತೆ. ಅವಳು ಎದ್ದು ಆರಿಸಿದಳು. ಅತ್ತೆ ಹೋಗಿ ಎಷ್ಟೋ ವರ್ಷವಾಯಿತು, ಆ ಕಥೆಯ ಕೊನೆ ಏನಾಯಿತೆಂದು ಅವಳಿಗೆ ಇಂದಿಗೂ ಪೂರ್ತಿ ಗೊತ್ತಿಲ್ಲ.