ಅಣ್ಣನ ಉದ್ದನೆಯ ಕೈ

ಪೈಲಟ್ ಆಗಲು ಯಾವ ವಯಸ್ಸು ಸರಿ ಎಂದು ಬೆಳಿಗ್ಗೆ ಮೊಮ್ಮಗಳು ಕೇಳಿದಳು. ಕನ್ನಡಿಯ ಮುಂದೆ ನಿಂತು, ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿಯ ಬದಿಯ ಕೂದಲು ಬಾಚುತ್ತಿದ್ದಳು. ನನಗೆ ಬನಹಟ್ಟಿಯ ನಮ್ಮ ಮನೆ, ಮಗ್ಗದ ನೂಲಿಗೆ ಹಚ್ಚುವ ಗಂಜಿಯ ಹುಳಿ ವಾಸನೆ ನೆನಪಾದವು.

ಆಗ ಶಾಲೆಗೆ ಸೇರಿಸುವಾಗ ವಯಸ್ಸು ಅಳೆಯುತ್ತಿದ್ದುದು ಹೀಗೆಯೇ. ಕೈ ತಲೆಯ ಮೇಲಿಂದ ಬಂದು ಆಚೆ ಕಿವಿ ಮುಟ್ಟಿದರೆ ಆರು ತುಂಬಿದಂತೆ. ಅಣ್ಣನದು ಅಪ್ಪನಂತೆ ಉದ್ದನೆಯ ಕೈ, ನಾಲ್ಕಕ್ಕೇ ಮುಟ್ಟಿತು.

"ಆರು ತುಂಬ್ಯಾವ್ರಿ ಮಾಸ್ತರ, ಬರಕೋರಿ" ಎಂದು ಬರೆಸಿದ ಅಪ್ಪ, "ಎರಡು ವರ್ಷ ಉಳೀತು ನೋಡ್ರಿ" ಎಂದು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದ.

ಮುಂದೆ ವಿಮಾನ ನಡೆಸುವುದನ್ನು ಕಲಿಯಲು ಅಣ್ಣ ಮುಂಬಯಿಗೆ ಹೋದ. ಶಾಲೆಯಲ್ಲಿ ಬರೆಸಿದ ಪ್ರಕಾರ ವಯಸ್ಸು ಮೀರಿದೆ ಎಂದು ಅಲ್ಲಿಯವರು ತಿರುಗಿ ಕಳಿಸಿದರು. ಮಗ್ಗದ ಮುಂದೆ ಕೂತಿದ್ದ ಅಪ್ಪ ತಲೆ ಎತ್ತಲಿಲ್ಲ. ಅವ್ವ ಮಾತ್ರ ಸೀರೆ ಬದಲಿಸಿಕೊಂಡು ಬಾಗಿಲಿಗೆ ಬಂದು ನಿಂತಳು.

"ಹಡದಾಕಿ ನಾನು. ನಿನ್ನ ವಯಸ್ಸು ನನಗ ಗೊತ್ತಿಲ್ಲೇನು? ನಡಿ ಮುಂಬೈಕ, ನಾ ಹೇಳತೀನಿ."

"ಹಡದಾಕಿ ಮಾತು ಅಲ್ಲಿ ನಡೆಯೂದಿಲ್ಲ ಬೇ" ಎಂದ ಅಣ್ಣ.

ಮೊಮ್ಮಗಳು ಇನ್ನೂ ಉತ್ತರಕ್ಕೆ ಕಾಯುತ್ತಿದ್ದಳು. ಬಾಚಣಿಗೆ ಹಿಡಿದ ಅವಳ ಕೈಯನ್ನು ನಾನು ಮೆಲ್ಲಗೆ ಕಿವಿಯಿಂದ ಕೆಳಗಿಳಿಸಿದೆ.