ಅಕ್ಕನ ಧ್ವನಿ ಹುಡುಕಿದ ಮಧ್ಯಾಹ್ನ

ನಮ್ಮ ಭಾವ ಲಿಫ್ಟ್ ರಿಪೇರಿ ಮಾಡುವವರು. ಅವರಿಗೆ ಮಾತೇ ಬರುವುದಿಲ್ಲ ಅಂತಲ್ಲ. ಲಿಫ್ಟಿನ ಬಾಗಿಲಿನ ಹಾಗೆ, ಯಾರಾದರೂ ಗುಂಡಿ ಒತ್ತಿದರೆ ಬಾಯಿ ತೆರೆಯುತ್ತದೆ, ಕೆಲಸ ಮುಗಿದರೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಮದುವೆಯಾದ ಹೊಸದರಲ್ಲಿ ನಮ್ಮಮ್ಮ, "ಅಳಿಯಂದಿರಿಗೆ ಸಾರು ಹಿಡಿಸಿತೋ ಇಲ್ವೋ, ಯಾರಾದ್ರೂ ಕೇಳಿ ಹೇಳ್ರೇ" ಅಂತ ನಮ್ಮನ್ನು ಅಟ್ಟುತ್ತಿದ್ದಳು. ಅವರು ತಟ್ಟೆ ನೋಡಿಕೊಂಡು "ಹೂಂ" ಅನ್ನುತ್ತಿದ್ದರು. ಅದು ಹೊಗಳಿಕೆ ಎಂದು ಅರ್ಥವಾಗಲು ನಮ್ಮ ಮನೆಗೆ ವರ್ಷಗಳೇ ಹಿಡಿದವು.

ಇಂಥವರಿಗೆ ಗಂಟು ಬಿದ್ದವಳು ನಮ್ಮಕ್ಕ. ಟೈಲರ್. ಅಂಗಡಿ ಅವಳದು, ನಾನು ಅವಳ ಪಕ್ಕದ ಮಷೀನಿನಲ್ಲಿ ಕೂರುವವಳು. ಅವಳು ಅಳತೆ ತೆಗೆಯುವಾಗ ಮಾತು, ಕತ್ತರಿಸುವಾಗ ಮಾತು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಾಗಲೂ ಮಾತು. ಇವಳ ಬಾಯಿ ಮುಚ್ಚಿಸುವವರು ಹುಟ್ಟಿಲ್ಲ ಅಂತ ನಾವೆಲ್ಲ ನಗುತ್ತಿದ್ದೆವು. ಈಗ ಆ ಮಾತನ್ನು ಯಾರೂ ಆಡುವುದಿಲ್ಲ. ಹೋದ ವರ್ಷ ಅವಳ ಗಂಟಲಲ್ಲಿ ಗಂಟು ಬೆಳೆಯಿತು. ಜೀವ ಉಳಿಸಲು ಧ್ವನಿಪೆಟ್ಟಿಗೆಯನ್ನೇ ತೆಗೆದರು. ಅಕ್ಕ ಉಳಿದಳು, ಮಾತು ಹೋಯಿತು.

ಆಸ್ಪತ್ರೆಯವರು ಒಂದು ಟ್ಯಾಬ್ ಕೊಟ್ಟರು. ಟೈಪ್ ಮಾಡಿದ್ದನ್ನು ಅದು ಓದಿ ಹೇಳುತ್ತದೆ. ಮನೆಗೆ ಬಂದ ಮೊದಲ ದಿನವೇ ಭಾವ ಗ್ರೀಸು ಮೆತ್ತಿದ ಬೂಟು ಹಾಕಿಕೊಂಡು ಒಳಗೆ ಬಂದರು. ಅಕ್ಕ ಕೆಂಡವಾಗಿ, "ಆ ದರಿದ್ರ ಬೂಟು ಹೊರಗೆ ಬಿಡ್ರೀ" ಎಂದು ಟೈಪ್ ಮಾಡಿದಳು. ಟ್ಯಾಬಿನೊಳಗಿನ ಹೆಂಗಸು ಅದನ್ನು ರೈಲು ತಡವಾಗಿದೆ ಎಂದು ಪ್ರಕಟಿಸುವಷ್ಟು ನಯವಾಗಿ ಹೇಳಿದಳು. ನನಗೆ ನಗು ಬಂತು. ಅಕ್ಕನಿಗೆ ಬರಲಿಲ್ಲ. ಟ್ಯಾಬು ಬೀರುವಿನ ಮೇಲೆ ಹೋಯಿತು. ಆಮೇಲೆ ಅವಳ ಭಾಷೆಯೆಲ್ಲ ಕತ್ತರಿಯ ಹಿಡಿಯಲ್ಲೇ. ಮೇಜಿಗೆ ಒಂದು ಸಲ ಕುಟ್ಟಿದರೆ ಹೌದು, ಎರಡು ಸಲ ಕುಟ್ಟಿದರೆ ಇಲ್ಲ.

ಒಮ್ಮೆ ನಾನು ಅವಳ ಹಳೆಯ ಧ್ವನಿಯಲ್ಲಿದ್ದ ಸಂದೇಶವೊಂದನ್ನು ಫೋನಿನಲ್ಲಿ ಹಾಕಿಕೊಂಡು ಕೇಳುತ್ತಿದ್ದೆ. ಅಕ್ಕ ಫೋನು ಕಿತ್ತುಕೊಂಡು, ಅದನ್ನೂ ಉಳಿದವನ್ನೂ ಅಳಿಸಿದಳು. ತನ್ನ ಫೋನಿನಲ್ಲಿದ್ದದ್ದನ್ನೂ ಭಾವನ ಫೋನಿನಲ್ಲಿದ್ದದ್ದನ್ನೂ ಬಿಡಲಿಲ್ಲ. ಆಮೇಲೆ ಎರಡು ಸಲ ಕುಟ್ಟಿದಳು. ಮೇಜಿನ ಅಂಚು ಚಕ್ಕೆ ಎದ್ದಿತು. ಭಾವ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಇದಾದ ಕೆಲವು ದಿನಕ್ಕೆ ಒಂದು ಮಧ್ಯಾಹ್ನ ಭಾವ ನನಗೆ ಫೋನ್ ಮಾಡಿದರು. ತಾವಾಗಿ ಫೋನ್ ಮಾಡುವ ಜಾತಿಯವರಲ್ಲ. "ಅಂಗಡಿ ಬಿಟ್ಟು ಮನೆಗೆ ಬಾಮ್ಮ. ಅಕ್ಕಂಗೆ ಹೇಳ್ಬೇಡ." ಅಕ್ಕನಿಗೆ ತಲೆನೋವೆಂದು ಸುಳ್ಳು ಹೇಳಿ ಓಡಿದೆ.

ಭಾವ ಊಟದ ಮೇಜಿನ ಮೇಲೆ ಕೆಲಸದ ಲ್ಯಾಪ್‌ಟಾಪ್ ಇಟ್ಟುಕೊಂಡು, ಕಿವಿಗೆ ಹೆಡ್‌ಫೋನ್ ಹಾಕಿ ಕೂತಿದ್ದರು. ಪರದೆಯೆಲ್ಲ ಕಪ್ಪು, ಅದರ ಮೇಲೆ ಬಿಳಿ ಅಕ್ಷರ.

"ಏನಿದು ಭಾವ?"

"ವಿಡಿಯೋ ಇಳಿಸ್ಕೊಳ್ಳೋದು. ನಿಮ್ಮಕ್ಕಂದು."

ಒಂದೊಂದೇ ಪ್ರಶ್ನೆ ಕೇಳಿ ವಿಷಯ ಹೊರಡಿಸಿದೆ. ಮಾತು ಕಲಿಸುವ ಟೀಚರ್ ಆಸ್ಪತ್ರೆಯ ವರಾಂಡದಲ್ಲಿ ಅವರೊಬ್ಬರಿಗೇ ಹೇಳಿದ್ದರಂತೆ. ಅಕ್ಕ ಹಿಂದೆ ಮಾತಾಡಿದ್ದು ಒಂದು ಗಂಟೆಯಷ್ಟು ಸಿಕ್ಕರೆ ಸಾಕು, ಟ್ಯಾಬು ಅವಳದೇ ಧ್ವನಿಯಲ್ಲಿ ಮಾತಾಡುವ ಹಾಗೆ ಮಾಡಬಹುದು. ಆದರೆ ಹಿಂದೆ ಹಾಡಾಗಲಿ ಗದ್ದಲವಾಗಲಿ ಇರಬಾರದು. ಫೋನುಗಳಲ್ಲಿ ಇದ್ದದ್ದೆಲ್ಲ ಅಳಿಸಿಹೋಗಿತ್ತು. ಉಳಿದಿದ್ದ ಜಾಗ ಒಂದೇ. ಅಕ್ಕ ಹಿಂದೆ ರಜಾದಿನಗಳಲ್ಲಿ ಒಂದು ಹೊಲಿಗೆ ತರಬೇತಿ ಕೇಂದ್ರಕ್ಕೆ ಪಾಠದ ವಿಡಿಯೋ ಮಾಡಿಕೊಡುತ್ತಿದ್ದಳು. ಕೇಂದ್ರ ಮುಚ್ಚಿ ಯಾವ ಕಾಲವಾಯಿತೋ. ವಿಡಿಯೋಗಳು ಮಾತ್ರ ಹೆಸರು ಕೇಳದ ಯಾವುದೋ ಸೈಟಿನಲ್ಲಿ ಬಿದ್ದಿದ್ದವು. ಆ ಸೈಟೂ ಇವತ್ತು ಸಂಜೆಗೆ ಬಾಗಿಲು ಹಾಕುತ್ತದೆ. ಆಮೇಲೆ ಅಕ್ಕನ ಧ್ವನಿ ಪ್ರಪಂಚದಲ್ಲಿ ಎಲ್ಲೂ ಇರುವುದಿಲ್ಲ.

"ಅಕ್ಕನ್ನೇ ಕೇಳ್ಬಹುದಿತ್ತಲ್ಲ ಭಾವ? ಮಾಡಿದವಳು ಅವಳು."

"ಕೇಳಿದ್ರೆ ಬೇಡ ಅಂತಾಳೆ. ಸಿಕ್ಕ ಮೇಲೆ ಕೇಳೋಣ."

ನನಗೆ ಸಿಟ್ಟು ಬಂತು. ಇಷ್ಟು ವರ್ಷ ಸಂಸಾರ ಮಾಡಿಯೂ ಹೆಂಡತಿಯ ಮುಂದೆ ನಿಂತು ಒಂದು ಪ್ರಶ್ನೆ ಕೇಳಲು ಈ ಮನುಷ್ಯನಿಗೆ ಧೈರ್ಯವಿಲ್ಲ. ಅಪರಿಚಿತ ಸೈಟಿನ ಬಾಗಿಲು ಬಡಿಯಲು ಇದೆ. ಆದರೆ ಜಗಳಕ್ಕೆ ಹೊತ್ತಿರಲಿಲ್ಲ.

ಈ ಕಪ್ಪು ಪರದೆಯ ಕೆಲಸ ಅವರಿಗೆ ಹೊಸದಲ್ಲ. ಲಿಫ್ಟಿನ ಕಂಟ್ರೋಲ್ ಪೆಟ್ಟಿಗೆಗೆ ತಂತಿ ಸಿಕ್ಕಿಸಿ, ಇಂಥದೇ ಪರದೆಯಲ್ಲಿ ಆಜ್ಞೆ ಬರೆದು ಅದನ್ನು ಮೇಲೆ ಕೆಳಗೆ ಓಡಿಸುತ್ತಾರೆ. ಇಲ್ಲಿಯೂ ಹಾಗೆಯೇ. ಸಾಲಿನ ಮೊದಲಲ್ಲಿ ಇಳಿಸುವ ಪ್ರೋಗ್ರಾಮಿನ ಹೆಸರು, ಆಮೇಲೆ ಸೈಟು, ಆಮೇಲೆ ಹುಡುಕಬೇಕಾದ ಪದ. ಕೊನೆಗೆ ವಿಡಿಯೋ ಮಾಡಿದವರು ಅದಕ್ಕೆ ಹಚ್ಚಿದ ಗುರುತು, ಅಂದರೆ ಟ್ಯಾಗ್, ಯಾವುದು ಇರಬೇಕು, ಯಾವುದು ಇರಬಾರದು. ಎಂಟರ್ ಒತ್ತಿದರೆ ತಾನೇ ಹೋಗಿ ಹುಡುಕಿ ಒಂದೊಂದಾಗಿ ಇಳಿಸುತ್ತದೆ.

"ಕೇಂದ್ರದ ವಿಡಿಯೋ ಎಲ್ಲಾನೂ ಇಳಿಸಿಬಿಡಿ, ಹುಡುಕೋದು ಆಮೇಲೆ."

"ಸಾವಿರಾರು ಇವೆ. ಹತ್ತಾರು ಮೇಷ್ಟ್ರುಗಳು ಮಾಡಿದ್ದಾರೆ. ಸೈಟು ಮುಚ್ಚುತ್ತೆ ಅಂತ ಊರೆಲ್ಲ ಮುಗಿಬಿದ್ದಿದೆ, ಇರುವೆ ಥರ ತೆವಳ್ತಿದೆ. ಹೆಸರೂ ಇಲ್ಲ, ಬರೀ 'ಪಾಠ' ಅಂತ ನಂಬರು. ಟ್ಯಾಗ್ ಹಿಡಿದೇ ಹೋಗ್ಬೇಕು."

ಬೆಳಗಿನಿಂದ ಅವರು 'ಅಂಗಿ', 'ಕಾಲರ್', 'ಕಾಜಾ' ಎಂಬ ಟ್ಯಾಗುಗಳನ್ನು ಕೊಟ್ಟು ಒಂದು ರಾಶಿ ಇಳಿಸಿಟ್ಟಿದ್ದರು. ನಾನು ಹೆಡ್‌ಫೋನ್ ಹಾಕಿಕೊಂಡು ಒಂದನ್ನು ತೆರೆದೆ. ದಪ್ಪ ಮೀಸೆಯ ಮೇಷ್ಟ್ರೊಬ್ಬರು ಕೆಮ್ಮುತ್ತಾ ಕಾಲರ್ ಮಡಚುತ್ತಿದ್ದರು. ಇನ್ನೊಂದರಲ್ಲಿಯೂ ಅವರೇ. ಮತ್ತೊಂದರಲ್ಲಿ ಯಾವುದೋ ಹುಡುಗಿ. ಅಕ್ಕನ ನೆರಳೂ ಇರಲಿಲ್ಲ. ಭಾವನ ಮುಖ ಬಿಳಿಚಿತು. ಅರ್ಧ ದಿನ ಮೀಸೆಗೆ ಹೋಗಿತ್ತು. ಕಿಟಕಿಯ ಬಿಸಿಲು ಮೇಜಿನಿಂದ ಇಳಿದು ನೆಲಕ್ಕೆ ಬಂದಿತ್ತು.

ಆಗ ನನಗೆ ಹೊಳೆಯಿತು. ನಮ್ಮ ಅಂಗಡಿಯಲ್ಲಿ ಕತ್ತರಿಸಿದ ಬಟ್ಟೆಯ ತುಂಡುಗಳನ್ನೆಲ್ಲ ಸೇರಿಸಿ, ಒಂದು ಚಿಂದಿಯಿಂದ ಕಟ್ಟಿ, ಚಿಂದಿಯ ಮೇಲೆ ಗಿರಾಕಿಯ ಗುರುತು ಬರೆಯುತ್ತೇವೆ. ಹೆಸರು ಬರೆಯುವುದಿಲ್ಲ. ಒಂದೇ ಹೆಸರಿನವರು ಎಷ್ಟು ಜನ ಇರುತ್ತಾರೋ! ಅಕ್ಕ ಇಟ್ಟ ಅಡ್ಡಹೆಸರು ಬರೆಯುತ್ತೇವೆ. ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಳ್ಳುವವರು 'ಉಸಿರುಬಿಗಿ'. ಎಲ್ಲ ಕಡೆ ಜೇಬು ಕೇಳುವವರು 'ಜೇಬಪ್ಪ'. ಬಟ್ಟೆ ಕೊಡುವಾಗಲೇ ಕೈ ಚಾಚುವಾಕೆ 'ನಾಳೆ ಬೇಕು'. ಗಿರಾಕಿಯ ಕಿವಿಗೆ ಬಿದ್ದರೆ ಅಂಗಡಿ ಮುಚ್ಚಿದ ಹಾಗೆಯೇ. ಹಾಗಾಗಿ ಅಕ್ಕನಿಗೂ ನನಗೂ ಬಿಟ್ಟು ಮೂರನೆಯವರಿಗೆ ಗೊತ್ತಿಲ್ಲ, ಭಾವನಿಗೂ. ಅಕ್ಕ ಪಾಠ ಮಾಡುತ್ತಿದ್ದದ್ದು ಗಿರಾಕಿಗಳ ಬಟ್ಟೆ ಹೊಲಿಯುತ್ತಲೇ. ಟ್ಯಾಗ್ ಹಾಕು ಎಂದು ಯಾರಾದರೂ ಹೇಳಿದ್ದರೆ ನಮ್ಮಕ್ಕನ ಪಾಲಿಗೆ ಟ್ಯಾಗ್ ಎಂದರೆ ಆ ಚಿಂದಿ. ಬೇರೇನೂ ಅಲ್ಲ!

"ಭಾವ, 'ಉಸಿರುಬಿಗಿ' ಅಂತ ಹಾಕಿ."

"ಏನು?"

"ಹಾಕಿ ಅಂದ್ನಲ್ಲ!"

ಎರಡೇ ಬೆರಳಲ್ಲಿ ಕುಟ್ಟಿದರು. ಮೊದಲು ಇಳಿಸದೆ ಬರೀ ಪಟ್ಟಿ ತೋರಿಸು ಎಂದು ಆಜ್ಞೆ ಕೊಟ್ಟರು. ಕರ್ಸರ್ ಮಿಟುಕಿಸುತ್ತಾ ನಿಂತಿತು. ಇಬ್ಬರೂ ಉಸಿರು ಬಿಗಿಹಿಡಿದಿದ್ದೆವು. ಆಮೇಲೆ ಸಾಲುಗಳು ಪಟಪಟನೆ ಬಿದ್ದವು. ಪಾಠ, ಪಾಠ, ಪಾಠ. ನಾನು ಕೂಗಿಕೊಂಡೆ. ನೆನಪಿಗೆ ಬಂದ ಅಡ್ಡಹೆಸರುಗಳನ್ನೆಲ್ಲ ಹೇಳುತ್ತಾ ಹೋದೆ, ಭಾವ ಒಂದೇ ಸಾಲಿನಲ್ಲಿ ಪೋಣಿಸಿ ಎಂಟರ್ ಒತ್ತಿದರು. ಇಳಿಯತೊಡಗಿತು.

ಮೊದಲನೆಯದು ಇಳಿದ ತಕ್ಷಣ ಭಾವ ಹೆಡ್‌ಫೋನ್ ಒತ್ತಿ ಹಿಡಿದುಕೊಂಡರು. ಪರದೆಯಲ್ಲಿ ಅಕ್ಕ ನಗುತ್ತಿದ್ದಳು, ಮಾತಾಡುತ್ತಿದ್ದಳು, ತುಟಿ ಕಾಣುತ್ತಿತ್ತು. ಭಾವನ ಮುಖ ಅರಳುವುದನ್ನು ಕಾಯುತ್ತಿದ್ದೆ. ಅರಳಲಿಲ್ಲ.

"ಮಷೀನು," ಅಂದರು.

ನಾನೂ ಕೇಳಿದೆ. ಟಕಟಕಟಕ ಎಂಬ ಹೊಲಿಗೆ ಮಷೀನಿನ ಸದ್ದು, ಅದರ ಅಡಿಯಲ್ಲಿ ಎಲ್ಲೋ ಅಕ್ಕ. ಎರಡನೆಯದೂ ಹಾಗೆಯೇ. ಮೂರನೆಯದೂ. ಸಿಕ್ಕಿದ್ದೇನೋ ಸಿಕ್ಕಿತು, ಟೀಚರ್ ಬೇಡ ಎಂದದ್ದೇ ಸಿಕ್ಕಿತು. ಅಂಗಡಿಯಲ್ಲಿ ಮಷೀನು ನಿಲ್ಲಿಸಿ ಅವಳು ಎಂದಾದರೂ ಮಾತಾಡಿದ್ದಳೇ? ನೆನಪಾಗಲಿಲ್ಲ. ಬಿಸಿಲು ಗೋಡೆ ಹತ್ತುತ್ತಿತ್ತು. ನನಗೆ ಅಳು ಬಂದುಬಿಟ್ಟಿತು. ಭಾವ ಲಿಫ್ಟಿನ ಮೋಟಾರಿನಲ್ಲಿ ಯಾವ ಬೇರಿಂಗು ಸವೆದಿದೆ ಎಂದು ಕಿವಿಯಿಂದಲೇ ಹೇಳುವವರು. ಆ ಸದ್ದಿನಿಂದ ಹೆಂಡತಿಯನ್ನು ಬೇರೆ ಮಾಡಲು ಹೋಗಿ ಕಣ್ಣು ಮುಚ್ಚಿ ಕೂತಿದ್ದರು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಕೈಯಲ್ಲಿ ನನಗೆ ತಲೆನೋವಿನ ಮಾತ್ರೆ ಹಿಡಿದುಕೊಂಡು ಅಕ್ಕ ನಿಂತಿದ್ದಳು.

ಭಾವ ಗಡಬಡಿಸಿ ಎದ್ದರು. ಹೆಡ್‌ಫೋನಿನ ತಂತಿ ಕಿತ್ತು ಬಂತು. ಲ್ಯಾಪ್‌ಟಾಪಿನಿಂದ ಮನೆತುಂಬ ಅಕ್ಕನ ಧ್ವನಿ: "ಉಸಿರು ಬಿಡಿ ಸ್ವಾಮಿ, ಹೊಟ್ಟೆ ಎಲ್ಲಿಗೂ ಓಡಿಹೋಗಲ್ಲ!" ಹಿಂದೆಯೇ ಟಕಟಕಟಕ.

ಅಕ್ಕನ ಮುಖದಲ್ಲಿ ರಕ್ತವೇ ಇರಲಿಲ್ಲ. ಬಂದವಳೇ ಮೇಜಿನ ಮೇಲಿದ್ದ ಕತ್ತರಿ ಎತ್ತಿಕೊಂಡಳು. ಕುಟ್ಟುತ್ತಾಳೆ ಎಂದುಕೊಂಡೆ. ಕುಟ್ಟಲಿಲ್ಲ, ಹಿಡಿದುಕೊಂಡು ನಿಂತಳು. ನಾನು ಬಡಬಡನೆ ಟೀಚರ್ ಹೇಳಿದ್ದು, ಸೈಟು ಮುಚ್ಚುವುದು, ಮಷೀನಿನ ಸದ್ದು ಎಲ್ಲ ಒದರಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ಭಾವನನ್ನೇ ನೋಡುತ್ತಿದ್ದಳು.

ಭಾವ ವಿಡಿಯೋ ನಿಲ್ಲಿಸಿದರು. ಕಪ್ಪು ಪರದೆಯಲ್ಲಿ ಸಾಲುಗಳು ಇನ್ನೂ ಇಳಿಯುತ್ತಿದ್ದವು. ಅವರು ಕೀಲಿಮಣೆಯ ಮೇಲೆ ಬೆರಳಿಟ್ಟರು.

"ಮೊದ್ಲೇ ಕೇಳ್ಬೇಕಿತ್ತು, ಕೇಳ್ಲಿಲ್ಲ. ಹೆದರ್ಕೊಂಡೆ ಕಣೇ. ಈಗ ಕೇಳ್ತೀನಿ. ಬೇಡ ಅಂದ್ರೆ ಇಲ್ಲೇ ನಿಲ್ಲಿಸ್ತೀನಿ, ಸಿಕ್ಕಿದ್ದನ್ನೂ ಅಳಿಸ್ತೀನಿ." ಬೀರುವಿನ ಮೇಲಿದ್ದ ಟ್ಯಾಬಿನ ಕಡೆ ನೋಡಿದರು. "ಆ ರೈಲಿನ ಹೆಂಗಸಿನ ಹತ್ರ ಬೈಸ್ಕೊಳ್ಳೋಕೆ ನನ್ನಿಂದ ಆಗಲ್ಲ. ನಿನ್ನ ಮಾತಿಲ್ದೆ ಈ ಮನೇಲಿ ನಂಗೆ ಇರೋಕಾಗ್ತಿಲ್ಲ. ಬೇಕಾ, ಬೇಡ್ವಾ?"

ಅವರ ಬಾಯಿಂದ ಒಟ್ಟಿಗೆ ಅಷ್ಟು ಮಾತು ಬಂದದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು. ಅಕ್ಕನ ಕಣ್ಣು ತುಂಬಿತು. ಕತ್ತರಿ ಮೇಲೆತ್ತಿದಳು. ಒಂದು ಸಲ ಕುಟ್ಟಿದಳು. ನಾನು ಎರಡನೆಯದಕ್ಕೆ ಕಾದೆ. ಬರಲಿಲ್ಲ.

ಆಮೇಲೆ ಅವಳಿಗೆ ಎಲ್ಲಿಲ್ಲದ ಅವಸರ. ಭಾವನನ್ನು ಸೊಂಟದಿಂದ ಪಕ್ಕಕ್ಕೆ ನೂಕಿ ಕುರ್ಚಿಯಲ್ಲಿ ಕೂತಳು, ಇಳಿಯುತ್ತಿದ್ದುದನ್ನು ನಿಲ್ಲಿಸು ಎಂದು ಸನ್ನೆ ಮಾಡಿದಳು. ಭಾವ ನಿಲ್ಲಿಸಿದರು. ಅವರು ಬರೆದಿದ್ದ ಸಾಲನ್ನು ಅಕ್ಕ ಒಮ್ಮೆ ಓದಿದಳು. ಟ್ಯಾಗುಗಳ ಜಾಗದಲ್ಲಿದ್ದ ಉಸಿರುಬಿಗಿ, ಜೇಬಪ್ಪ, ನಾಳೆ ಬೇಕು ಎಲ್ಲರನ್ನೂ ಅಳಿಸಿದಳು. ನನಗೂ ಗೊತ್ತಿಲ್ಲದ ಒಂದು ಗುರುತು ಬರೆದಳು: 'ಅವಸರ ಇಲ್ಲ'.

ಭಾವ ಅದನ್ನು ಓದಿ ಪೆಚ್ಚಾದರು. ವರ್ಷವೆಲ್ಲ ಗಿರಾಕಿಗಳ ಬಟ್ಟೆ ಹೊಲಿಯುವ ಹೆಂಡತಿಗೆ ತಮ್ಮ ಅಂಗಿಯ ಬಟ್ಟೆ ಕೊಡುವಾಗೆಲ್ಲ ಅವರು ಹೇಳುತ್ತಿದ್ದದ್ದು ಆ ಒಂದೇ ಮಾತು. "ನಂದಕ್ಕೇನೂ ಅವಸರ ಇಲ್ಲ."

ಎಂಟರ್ ಒತ್ತಿದಳು. ಉದ್ದವಾದ ಪಟ್ಟಿ ಬಂತು. ಇಳಿಯಲು ಶುರುವಾಯಿತು. ಒಂದು ಮುಗಿಯಿತು. ಇನ್ನೊಂದು ಅರ್ಧಕ್ಕೆ ನಿಂತಿತು, ಮತ್ತೆ ಹೊರಟಿತು. ಹೊರಗೆ ಬೀದಿದೀಪ ಹತ್ತಿಕೊಂಡಿತು. ಅಕ್ಕ ಕತ್ತರಿಯನ್ನು ಎದೆಗೆ ಒತ್ತಿ ಹಿಡಿದಿದ್ದಳು. ಭಾವ ಕುರ್ಚಿಯ ಬೆನ್ನು ಹಿಡಿದು ಪ್ರತಿ ಸಾಲನ್ನೂ ತುಟಿ ಆಡಿಸುತ್ತಾ ಓದುತ್ತಿದ್ದರು. ಕೊನೆಯ ಕೆಲವು ಉಳಿದಿದ್ದಾಗ ಪರದೆ ತಟ್ಟನೆ ನಿಂತಿತು. ಭಾವ ಮತ್ತೆ ಎಂಟರ್ ಒತ್ತಿದರು. ಸೈಟು ಸಿಗುತ್ತಿಲ್ಲ ಎಂದು ಬಂತು. ಇನ್ನೊಮ್ಮೆ ಒತ್ತಿದರು. ಅದೇ ಉತ್ತರ. ಮುಚ್ಚಿಯಾಗಿತ್ತು. ಇಳಿದಷ್ಟನ್ನು ಕೂಡಿದರೆ ಒಂದು ಗಂಟೆಗೆ ಮೀರಿತ್ತು.

ಭಾವ ಇಳಿದಿದ್ದರಲ್ಲಿ ಮೊದಲನೆಯದನ್ನು ತೆರೆದರು. ನಮ್ಮ ಇದೇ ಊಟದ ಮೇಜು. ಇದೇ ಕಿಟಕಿ. ಅಕ್ಕ ಭಾವನ ನೀಲಿ ಅಂಗಿಯ ಗುಂಡಿ ತೂತಿಗೆ ಕಾಜಾ ಹೊಲಿಯುತ್ತಿದ್ದಳು, ಕೈಯಲ್ಲಿ. ಮಷೀನಿರಲಿಲ್ಲ, ಸದ್ದಿರಲಿಲ್ಲ. ಗಂಡನ ಅಂಗಿಯನ್ನು ಅವಳು ಅಂಗಡಿಗೆ ಒಯ್ಯದೆ, ಮನೆಯಲ್ಲಿ ಕೂತು ಕೈಯಿಂದಲೇ ಹೊಲಿದು ಮುಗಿಸುತ್ತಿದ್ದಳು ಎಂದು ಪಕ್ಕದ ಮಷೀನಿನವಳಾದ ನನಗೇ ತಿಳಿದಿರಲಿಲ್ಲ. ಸೂಜಿ ಬಟ್ಟೆಯಲ್ಲಿ ಹೊಕ್ಕು ಬರುವುದೂ ಕೇಳುವಷ್ಟು ಮೌನದಲ್ಲಿ ಅವಳ ಧ್ವನಿ ತಿಳಿಯಾಗಿತ್ತು.

"ಇದು ನಮ್ಮ ಯಜಮಾನ್ರದು. ಇವರಿಗೆ ಅವಸರಾನೇ ಇಲ್ಲ, ಹಾಗಾಗಿ ನಿಧಾನಕ್ಕೆ ಚೆನ್ನಾಗಿ ಹೊಲೀಬಹುದು. ಒಳ್ಳೆ ಮನುಷ್ಯ. ಒಂದೇ ದೂರು, ನಾನು ಎಷ್ಟು ಮಾತಾಡಿದ್ರೂ ಅವರ ಕಿವಿಗೆ ಬೀಳಲ್ಲ. ಒಂದಿನ ಬೀಳುತ್ತೆ. ಅಲ್ಲೀವರೆಗೂ ಮಾತಾಡ್ತಾನೇ ಇರ್ತೀನಿ."

ವಿಡಿಯೋ ಮುಗಿಯಿತು. ಭಾವ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡರು. ಬೇರೆ ದಿನವಾಗಿದ್ದರೆ ಅದಕ್ಕೆ ಅಕ್ಕ ಕೆಂಗಣ್ಣು ಬಿಡುತ್ತಿದ್ದಳು.

"ಬಿತ್ತು ಕಣೇ," ಅಂದರು. "ಇನ್ನೊಂದ್ಸಲ ಹಾಕ್ಲಾ?"

ಅಕ್ಕ ಕತ್ತರಿ ಕೆಳಗಿಟ್ಟಳು. ಬರಿಗೈಯಿಂದ ಮೇಜಿನ ಮೇಲೆ ಒಂದು ಸಲ ಕುಟ್ಟಿದಳು.